ಮೀಡಿಯಾ ಗಟ್ಟಿಯಾಗ್ತಾನೇ ಇಲ್ಲ, ಇದು ಮೂರನೇ ಸಲ (ರಸಬಾಳೆ, ಎಂಎಸ್)

ಹಿತ್ತಲ_ಲ್ಯಾಬ್
ಸಾಕಾಗಿ ಹೋಗಿದೆ. ಮನೆಯಲ್ಲೇ ಬಾಳೆಯ ಟಿಶ್ಯೂ ಕಲ್ಚರ್ (ಚಿಕ್ಕ ತುಂಡಿನಿಂದ ಬಾಟಲಿಯಲ್ಲಿ ಗಿಡ ಬೆಳೆಸೋದು) ಮಾಡಲು ಹೊರಟು ಮೂರು ಬ್ಯಾಚ್ ಮೀಡಿಯಾ (ತುಂಡು ಇಡುವ ಪೋಷಕಾಂಶದ ಜೆಲ್ಲಿ) ಬಚ್ಚಲಿಗೆ ಸುರಿದೆ. ನಂಜನಗೂಡು ರಸಬಾಳೆಯ ಕಂದು ತಂದು ಇಟ್ಟುಕೊಂಡಿದ್ದೇನೆ, ಅದು ಅಲ್ಲೇ ಒಣಗುತ್ತಿದೆ. ರಾತ್ರಿ ಬಾಟಲಿಗೆ ಹಾಕಿದ್ದು ಬೆಳಿಗ್ಗೆ ನೋಡಿದರೆ ಗಂಜಿ. ಎಲ್ಲಾ ಸರಿಯಾಗೇ ಹಾಕಿದ್ದೇನೆ. ಎಂಎಸ್ ಪುಡಿ (ಗಿಡಕ್ಕೆ ಬೇಕಾದ ಲವಣಗಳ ಮಿಶ್ರಣ), ಲೀಟರಿಗೆ 30 ಗ್ರಾಂ ಸಕ್ಕರೆ, 3 ಮಿಗ್ರಾಂ ಬಿಎಪಿ (ಮೊಳಕೆ ಒಡೆಸುವ ಹಾರ್ಮೋನು), 8 ಗ್ರಾಂ ಅಗರ್ (ಗಟ್ಟಿಯಾಗಿಸುವ ಪುಡಿ), ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 5.8. ಅಗರ್ ಕೊಟ್ಟವರಿಗೆ ಫೋನ್ ಮಾಡಿದರೆ "ನಿಮ್ಮ ಕಡೆಯೇ ತಪ್ಪಿರಬೇಕು ಸಾರ್" ಅಂತಾರೆ. ಯಾರಾದರೂ ದಾರಿ ಹೇಳಿ.

ಬಾಟಲಿ_ಭಾವ
ಅಗರ್ ಸರಿಯಿಲ್ಲ. ಬೇರೆ ಕಂಪನಿಯದು ತನ್ನಿ.

ಹಿತ್ತಲ_ಲ್ಯಾಬ್
ಮೂರು ಸಲ ಮೂರು ಕಂಪನಿಯದು ಸಾರ್.

ಬಾಟಲಿ_ಭಾವ
ಹಾಗಾದರೆ 10 ಗ್ರಾಂ ಹಾಕಿ. ನಾನು ಒಮ್ಮೆ ದಿನಸಿ ಅಂಗಡಿಯ ಚೈನಾ ಗ್ರಾಸಿನಲ್ಲೇ (ಅಡುಗೆಯ ಅಗರ್) ಮಾಡಿದ್ದೆ, ಕಲ್ಲಿನಂತೆ ಕೂತಿತ್ತು.

ಎಂಎಸ್_1962
ಚೈನಾ ಗ್ರಾಸಿನಲ್ಲಿ ಪಾಯಸ ಮಾಡಿ ಭಾವ, ಬಾಳೆ ಬೇಡ. ಇದು ಪಿಎಚ್ ಮೀಟರ್ ಕೆಲಸ. ಮೀಟರನ್ನು ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಅದ್ದಿ ಎಷ್ಟು ತಿಂಗಳಾಯಿತು? ಪಿಎಚ್ 5ಕ್ಕಿಂತ ಕೆಳಗಿದ್ದರೆ ಅಗರ್ ಸರಿಯಾಗಿ ಕೂರಲ್ಲ.

ಹಿತ್ತಲ_ಲ್ಯಾಬ್
ಈಗ ತಾನೇ 4 ಮತ್ತು 7ರ ಬಫರಿನಲ್ಲಿ ನೋಡಿದೆ. ಎರಡೂ ಸರಿ ತೋರಿಸುತ್ತಿದೆ.

ಎಂಎಸ್_1962
ಬಫರ್ ಹಳೆಯದಿರಬಹುದು.

ಹಿತ್ತಲ_ಲ್ಯಾಬ್
ಹೋದ ವಾರ ತಾನೇ ತೆರೆದ ಬಾಟಲಿ.

ಎಂಎಸ್_1962
ಆದರೂ ಮೀಟರಿನ ಎಲೆಕ್ಟ್ರೋಡ್ (ಅದ್ದುವ ತುದಿ) ಒಣಗಿರುತ್ತದೆ. ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿಡಿ, ಆಮೇಲೆ ಮಾತಾಡೋಣ.

ತೋಟದ_ಮನೆ
ವಿಷಯ ಬಿಟ್ಟು ಕೇಳ್ತೀನಿ, ಕ್ಷಮಿಸಿ. ಟಿಶ್ಯೂ ಕಲ್ಚರ್ ರಸಬಾಳೆಗೆ ಪನಾಮ ಸೊರಗು ರೋಗ ಬರಲ್ಲ ಅಲ್ವಾ? ಹಾಗಿದ್ದರೆ ನನಗೂ 50 ಗಿಡ ಬೇಕು.

ಆರ್ಕಿಡ್_ಅಕ್ಕ
ಯಾರು ಹೇಳಿದ್ದು? ಬಾಟಲಿಯಿಂದ ಬರುವಾಗ ರೋಗ ಇರಲ್ಲ, ಅಷ್ಟೇ. ಮಣ್ಣಿನಲ್ಲಿ ಫ್ಯುಸೇರಿಯಂ ಕೂತಿದ್ದರೆ ಇದಕ್ಕೂ ಬರುತ್ತದೆ, ಆ ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ.

ಬಾಟಲಿ_ಭಾವ
ನಮ್ಮ ತೋಟದ ಜಿ9 ಬಾಳೆಗೆ ಇದುವರೆಗೂ ಬಂದಿಲ್ಲ.

ಆರ್ಕಿಡ್_ಅಕ್ಕ
ಜಿ9 ಕ್ಯಾವೆಂಡಿಶ್ ಗುಂಪಿನದು ಭಾವ, ರಸಬಾಳೆಯನ್ನು ಒಣಗಿಸುವ ಶಿಲೀಂಧ್ರದ ಹಳೆಯ ತಳಿಯನ್ನು ಅದು ತಡೆದುಕೊಳ್ಳುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹಿತ್ತಲ ಅವರೇ, "ಎಲ್ಲಾ ಸರಿಯಾಗೇ ಹಾಕಿದ್ದೇನೆ" ಅಂದರೆ ನಮಗೇನು ತಿಳಿಯುತ್ತದೆ? ನೀರು ಅಳೆದಲ್ಲಿಂದ ಕುಕ್ಕರ್ ಇಳಿಸುವ ತನಕ ಏನೇನು ಮಾಡಿದಿರಿ, ಅದೇ ಕ್ರಮದಲ್ಲಿ ಬರೆಯಿರಿ.

ಬಾಟಲಿ_ಭಾವ
ಕುಕ್ಕರಾ? ನಾನು ಈಗ ನೆಟ್ಟಗೆ ನಿಲ್ಲುವ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ತಗೊಂಡೆ, ಒಂದು ಸಲಕ್ಕೆ 60 ಬಾಟಲಿ. ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ ಕೆಲಸದ ಮೇಜು) ಕೂಡ ಹೊಸದು, ಹೆಪಾ ಫಿಲ್ಟರ್ ಇರೋದು. ಫೋಟೊ ಹಾಕಲಾ?

ಹಿತ್ತಲ_ಲ್ಯಾಬ್
ಬೇಡ ಭಾವ, ಹೊಟ್ಟೆ ಉರಿಸಬೇಡಿ. ಅಕ್ಕ, ಕ್ರಮ ಹೀಗೆ. 800 ಮಿಲಿ ಆರ್‌ಒ ನೀರು, ಎಂಎಸ್ ಪುಡಿ, ಸಕ್ಕರೆ, ಬಿಎಪಿ, ಪೂರ್ತಿ ಒಂದು ಲೀಟರ್ ಮಾಡಿ ಪಿಎಚ್ 5.8ಕ್ಕೆ ತರುತ್ತೇನೆ. ಆಮೇಲೆ ಎಲ್ಲರೂ ಹಾಕುವ ಹಾಗೆ ಕಂದಿನ ತುಂಡು ಕಪ್ಪಾಗದಿರಲಿ ಅಂತ ವಿಟಮಿನ್ ಸಿ 100 ಮಿಗ್ರಾಂ, ಸಿಟ್ರಿಕ್ ಆಸಿಡ್ 100 ಮಿಗ್ರಾಂ. ಅಗರ್ ಹಾಕಿ ಕುದಿಸಿ, ಬಾಟಲಿಗೆ ತುಂಬಿ, ಕುಕ್ಕರಿನಲ್ಲಿ 45 ನಿಮಿಷ. ಹೋದ ತಿಂಗಳು ಕಂಟಾಮಿನೇಷನ್ (ಬಾಟಲಿಯೊಳಗೆ ಬೂಷ್ಟು, ಬ್ಯಾಕ್ಟೀರಿಯಾ) ಆಗಿತ್ತು, ಅದಕ್ಕೆ ಜಾಸ್ತಿ ಹೊತ್ತು ಇಡುತ್ತಿದ್ದೇನೆ.

ಆರ್ಕಿಡ್_ಅಕ್ಕ
ಅಯ್ಯೋ, ಇದನ್ನು ಮೊದಲೇ ಹೇಳಬಾರದಾ! ಪಿಎಚ್ ಸರಿಮಾಡಿದ ಮೇಲೆ ಎರಡೆರಡು ಹುಳಿ ಹಾಕಿದ್ದೀರಿ. ಎಂಎಸ್ ಮೀಡಿಯಾಗೆ ಹುಳಿಯನ್ನು ತಡೆಯುವ ಶಕ್ತಿ ತೀರಾ ಕಡಿಮೆ, ಅಷ್ಟಕ್ಕೇ ಪಿಎಚ್ ಜಾರಿ ಬೀಳುತ್ತದೆ. ಆ ಹುಳಿಯಲ್ಲಿ ಅಗರ್ ಮುಕ್ಕಾಲು ಗಂಟೆ ಬೆಂದರೆ ಅದರ ಎಳೆಗಳೇ ತುಂಡಾಗಿ ಹೋಗುತ್ತವೆ, ಮತ್ತೆ ಗಂಜಿಯಲ್ಲದೆ ಇನ್ನೇನು? ಸಣ್ಣ ಬಾಟಲಿಗೆ 121 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಸಾಕು. ಈಗ ಅರ್ಧ ಲೀಟರ್ ಮಾಡಿ ಎರಡು ಪಾಲು ಮಾಡಿ. ಒಂದಕ್ಕೆ ಹುಳಿ ಬೇಡವೇ ಬೇಡ. ಇನ್ನೊಂದಕ್ಕೆ ಹುಳಿ ಮೊದಲು, ಪಿಎಚ್ ಕೊನೆಗೆ.

ಎಂಎಸ್_1962
ನಾನೂ ಪಿಎಚ್ ಅಂತಲೇ ಹೇಳಿದ್ದು.

ಆರ್ಕಿಡ್_ಅಕ್ಕ
ನೀವು ಮೀಟರ್ ಅಂದಿರಿ.

ಹಿತ್ತಲ_ಲ್ಯಾಬ್
ಅಕ್ಕ, ಎರಡೂ ಕೂತಿವೆ! ಬಾಟಲಿ ಬೋರಲು ಹಾಕಿದರೂ ಅಲ್ಲಾಡಲ್ಲ. ಹಳೆಯ ಬ್ಯಾಚಿನದು ಒಂದು ಬಾಟಲಿ ಉಳಿದಿತ್ತು, ಅದರ ಪಿಎಚ್ ನೋಡಿದೆ, 4 ಚಿಲ್ಲರೆ. ಆದರೆ ಹುಳಿ ಇಲ್ಲದ ಬಾಟಲಿಯಲ್ಲಿ ಇಟ್ಟ ತುಂಡು ಎರಡೇ ದಿನಕ್ಕೆ ಕಪ್ಪಾಗುತ್ತಿದೆ. ಮೀಡಿಯಾಗೆ ಇದ್ದಿಲ ಪುಡಿ (ಆಕ್ಟಿವೇಟೆಡ್ ಚಾರ್ಕೋಲ್) ಹಾಕಲಾ?

ಬಾಟಲಿ_ಭಾವ
ಹಾಕಿ ಹಾಕಿ, ನಾನು ಲೀಟರಿಗೆ 2 ಗ್ರಾಂ ಹಾಕೋದು.

ಆರ್ಕಿಡ್_ಅಕ್ಕ
ಇದ್ದಿಲು ಬಿಎಪಿಯನ್ನೂ ಹೀರಿಕೊಳ್ಳುತ್ತದೆ, ಆಮೇಲೆ "ಮೊಳಕೆ ಒಡೀತಿಲ್ಲ" ಅಂತ ಬರ್ತೀರಿ. ತುಂಡನ್ನು ಹೊಸ ಮೀಡಿಯಾಗೆ ಬೇಗ ಬೇಗ ಬದಲಾಯಿಸಿ, ಮೊದಲ ವಾರ ಕತ್ತಲಲ್ಲಿಡಿ.

ತೋಟದ_ಮನೆ
50 ಗಿಡಕ್ಕೆ ಎಷ್ಟಾಗುತ್ತದೆ, ಯಾರೂ ಹೇಳಲೇ ಇಲ್ಲವಲ್ಲ?