ಸಹಾಯ ಬೇಕು: ಲೈನ್‌ಮನೆ ಮತ್ತು ಹಾಡಿ ಮಕ್ಕಳ ಫುಟ್‌ಬಾಲ್ ಪಂದ್ಯಾವಳಿಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರ, ತಿತಿಮತಿ ಭಾಗದ ಸರ್ಕಾರಿ ಶಾಲೆಗಳಲ್ಲಿ ಓದುತ್ತಿರುವ, ತೋಟ ಕಾರ್ಮಿಕರ ಲೈನ್‌ಮನೆ ಹಾಗೂ ಆದಿವಾಸಿಗಳ ಹಾಡಿಗಳಲ್ಲಿ ವಾಸಿಸುವ ಮಕ್ಕಳಿಗಾಗಿ, ಕಾಫಿ ಕುಯ್ಲು ಮುಗಿದ ನಂತರದ ಒಂದು ಭಾನುವಾರ ಫುಟ್‌ಬಾಲ್ ಪಂದ್ಯಾವಳಿ ನಡೆಸಲು ನಾವು ಕೆಲವರು ಸಿದ್ಧತೆ ಮಾಡಿಕೊಳ್ಳುತ್ತಿದ್ದೇವೆ. 1997ರಿಂದ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವನ್ನು ಕಂಡಿರುವ ಈ ಜಿಲ್ಲೆಯಲ್ಲಿ ಆಟದ ಹುಚ್ಚಿಗೇನೂ ಬರವಿಲ್ಲ. ಆದರೆ ಈ ಮಕ್ಕಳು ಗಾಳಿ ಹೋದ ಚೆಂಡಿಗೆ ಹಳೆಯ ಬಟ್ಟೆ ತುರುಕಿ, ಕಾಫಿ ಕಣದ ಅಂಚಿನಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದಾರೆ. ಹನ್ನೆರಡು ವರ್ಷದೊಳಗಿನವರಾದ್ದರಿಂದ 4ನೇ ಅಳತೆಯ ಚೆಂಡುಗಳೇ ಬೇಕು, ದೊಡ್ಡವರು ಆಡುವ 5ನೇ ಅಳತೆಯದು ಅವರ ಕಾಲಿಗೆ ಭಾರ. ಬಳಸಿದ ಬೂಟುಗಳಾದರೂ ಆದೀತು, ಅಟ್ಟೆ ಗಟ್ಟಿಯಿರಲಿ. ನಗದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಆನೆಗಳು ಓಡಾಡುವ ದಾರಿಯಾದ್ದರಿಂದ, ಕತ್ತಲಾಗುವ ಮೊದಲೇ ಮಕ್ಕಳನ್ನು ಮನೆ ತಲುಪಿಸಲು ಜೀಪು ಕೊಡಬಲ್ಲವರು ದಯವಿಟ್ಟು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.