ಇಟಲಿಯ ಗುಡ್ಡದ ಹಳ್ಳಿಯಲ್ಲಿ ಎರಡು ರಾತ್ರಿ: ಸಾಂತೊ ಸ್ಟೆಫಾನೊ ಸುತ್ತಮುತ್ತ ಏನೇನು ನೋಡಬಹುದು?

ಮಾಳಮಡ್ಡಿ ಅಕ್ಕ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ನಾನು, ನಮ್ಮವರು, ನಮ್ಮ ಅತ್ತೆ ಮೂವರೂ ರೋಮ್‌ಗೆ ಹೋಗುತ್ತಿದ್ದೇವೆ. ಮಗ ಅಲ್ಲೇ ಓದುತ್ತಿದ್ದಾನೆ. ರೋಮ್ ನೋಡಿದ ಮೇಲೆ ವೆನಿಸ್, ಪೀಸಾ ಅಂತ ಊರೂರು ಓಡಾಡುವುದು ನನಗೆ ಬೇಡ. ಒಂದು ಗುಡ್ಡದ ಹಳ್ಳಿ ಹಿಡಿದು ಎರಡು ರಾತ್ರಿ ಅಲ್ಲೇ ಇರಬೇಕು ಅಂತ ಆಸೆ. ಮಗ ಅಬ್ರುತ್ಸೊ ಪ್ರಾಂತ್ಯದ ಸಾಂತೊ ಸ್ಟೆಫಾನೊ ದಿ ಸೆಸ್ಸಾನಿಯೊ ಅನ್ನುವ ಹಳ್ಳಿ ಹೇಳುತ್ತಿದ್ದಾನೆ. ಯಾರಾದರೂ ಹೋಗಿದ್ದೀರಾ?

ನನಗೆ ಹಳೇ ಕಟ್ಟಡ, ಶಿಲ್ಪ, ಚಿತ್ರ ಅಂದರೆ ಜೀವ. ಲಕ್ಕುಂಡಿಗೆ ಹೋದರೆ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತವಳು ಏಳುವುದೇ ಇಲ್ಲ. ನಮ್ಮವರಿಗೆ ಗುಡ್ಡ ಹತ್ತಬೇಕು. ಅತ್ತೆಗೆ ಮೊಣಕಾಲು ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಮೂವರೂ ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಊಟದ್ದೇ ದೊಡ್ಡ ಚಿಂತೆ.

ಬೆಟಗೇರಿ ಹುಡುಗ, ಗದಗ:

ಅಕ್ಕಾರೆ, ನಿಮ್ಮ ಮಗ ಒಳ್ಳೆ ಹಳ್ಳಿ ಆರಿಸಿದ್ದಾನೆ. ಅದಕ್ಕೆ ಹತ್ತಿರದ ದೊಡ್ಡ ಊರು ಲಾಕ್ವಿಲಾ. ನಾನು ಓದಿದ್ದು ಅಲ್ಲೇ, ರಜೆ ಸಿಕ್ಕಾಗಲೆಲ್ಲ ಆ ಗುಡ್ಡಗಳ ಕಡೆಗೇ ಹೋಗುತ್ತಿದ್ದೆ.

ಸಾಂತೊ ಸ್ಟೆಫಾನೊ ಸುಮಾರು 1250 ಮೀಟರ್ ಎತ್ತರದಲ್ಲಿದೆ. ವರ್ಷಪೂರ್ತಿ ಇರುವವರು ನೂರರ ಆಸುಪಾಸು ಜನ, ಅಷ್ಟೇ. ಊರಿಗೆ ಬೇರೆ ಕೋಟೆ ಗೋಡೆ ಇಲ್ಲ. ಅಂಚಿನ ಮನೆಗಳನ್ನೇ ಒಂದಕ್ಕೊಂದು ಅಂಟಿಸಿ ಕಟ್ಟಿದ್ದಾರೆ, ಅವುಗಳ ಹಿಂಗೋಡೆಯೇ ಕೋಟೆ. ಓಣಿಗಳು ಕೆಲವು ಕಡೆ ಮನೆಗಳ ಕೆಳಗೇ ಹಾದು ಹೋಗುತ್ತವೆ. ತಲೆ ಮೇಲೆ ಕಲ್ಲಿನ ಕಮಾನು, ಕಾಲ ಕೆಳಗೆ ಸವೆದು ನುಣುಪಾದ ಕಲ್ಲು, ನಡು ಮಧ್ಯಾಹ್ನವೂ ಒಳಗೆ ತಣ್ಣಗೆ. ಹೆಬ್ಬಾಗಿಲ ಮೇಲೆ ಫ್ಲಾರೆನ್ಸಿನ ಮೆದಿಚಿ ಮನೆತನದ ಲಾಂಛನ ಇದೆ, ತಪ್ಪದೆ ನೋಡಿ. ಅಷ್ಟು ದೂರದ ಸಾಹುಕಾರರಿಗೆ ಈ ಗುಡ್ಡದಲ್ಲೇನು ಕೆಲಸ ಅಂದರೆ, ಉಣ್ಣೆ. 1579ರಲ್ಲಿ ಈ ಸೀಮೆ ಅವರ ಕೈಗೆ ಬಂತು. ಇಲ್ಲಿನ ಕಪ್ಪು ಉಣ್ಣೆಯ ವ್ಯಾಪಾರದಿಂದಲೇ ಆ ಕಲ್ಲಿನ ಮನೆಗಳೆಲ್ಲ ಎದ್ದಿದ್ದು. ಊರ ನಡುವಿನ ದುಂಡನೆ ಗೋಪುರ 2009ರ ಏಪ್ರಿಲ್ 6ರ ಭೂಕಂಪದಲ್ಲಿ ಬಿದ್ದುಹೋಗಿತ್ತು, ಈಗ ಮತ್ತೆ ಕಟ್ಟಿದ್ದಾರೆ.

ಅತ್ತೆಯವರ ವಿಷಯ. ಊರೊಳಗೆ ಎಲ್ಲ ಇಳಿಜಾರು, ಮೆಟ್ಟಿಲು. ಕಾರು ಒಳಗೆ ಹೋಗುವುದಿಲ್ಲ. ಹೆಬ್ಬಾಗಿಲ ಹತ್ತಿರ, ನೆಲಮಹಡಿಯಲ್ಲೇ ರೂಮ್ ಕೇಳಿ.

ಎದುರು ಗುಡ್ಡದ ಮೇಲೆ ರೊಕ್ಕಾ ಕಲಾಶ್ಯೊ ಕೋಟೆ, ಸುಮಾರು 1460 ಮೀಟರ್. ನಡುವೆ ಚೌಕಾಕಾರದ ಗೋಪುರ, ನಾಲ್ಕು ಮೂಲೆಗೆ ನಾಲ್ಕು ದುಂಡನೆ ಬುರುಜು. ಹಳ್ಳಿಯಿಂದ ನಡೆದು ಹೋಗುವ ದಾರಿ ಇದೆ, ಒಂದೂವರೆ-ಎರಡು ಗಂಟೆ ಹಿಡಿಯುತ್ತದೆ. ನಿಮ್ಮವರು ನಡೆಯಲಿ, ನೀವಿಬ್ಬರೂ ಕಾರಿನಲ್ಲಿ ಕಲಾಶ್ಯೊ ಊರಿಗೆ ಬನ್ನಿ. ಜನ ಜಾಸ್ತಿ ಇರುವ ದಿನಗಳಲ್ಲಿ ಅಲ್ಲಿಂದ ಮೇಲಕ್ಕೆ ಸಣ್ಣ ಬಸ್ ಬಿಡುತ್ತಾರೆ. ಕೋಟೆ ಹತ್ತಿರ ಎಂಟು ಮೂಲೆಯ ಒಂದು ಪುಟ್ಟ ಚರ್ಚ್ ಇದೆ, ಬಯಲಲ್ಲಿ ಒಂದೇ ನಿಂತಿದೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿರಿ.

ಮೂರನೆಯದು ಕಾಂಪೊ ಇಂಪೆರಾತೊರೆ. ಸುಮಾರು 27 ಕಿಲೋಮೀಟರ್ ಉದ್ದದ ಎತ್ತರದ ಬಯಲು. ಗಿಡಮರ ಇಲ್ಲ, ಬರೀ ಹುಲ್ಲು, ಕುದುರೆ, ದನ, ಕುರಿ. ರಸ್ತೆ ನಡುವೆಯೇ ಹೋಗುವುದರಿಂದ ಅತ್ತೆಯವರು ಕಾರಿನಿಂದ ಇಳಿಯದೆಯೂ ಪೂರ್ತಿ ನೋಡಬಹುದು, ನನಗೆ ಕೇಳಿದರೆ ಇಡೀ ಪ್ರವಾಸದಲ್ಲಿ ಅವರಿಗೆ ಹೆಚ್ಚು ಖುಷಿ ಕೊಡುವುದು ಇದೇ. ಒಂದು ತುದಿಗೆ, 2130 ಮೀಟರ್ ಎತ್ತರದಲ್ಲಿ ಒಂದು ಹೋಟೆಲ್ ಕಟ್ಟಡ ಇದೆ. 1943ರಲ್ಲಿ ಮುಸೊಲಿನಿಯನ್ನು ಸೆರೆ ಇಟ್ಟಿದ್ದು ಅಲ್ಲೇ. ಸೆಪ್ಟೆಂಬರ್ 12ರಂದು ಜರ್ಮನ್ ಸೈನಿಕರು ಗ್ಲೈಡರ್‌ಗಳಲ್ಲಿ ಬಂದಿಳಿದು ಅವನನ್ನು ಬಿಡಿಸಿಕೊಂಡು ಹೋದರು. ಹಿಂದೆ ಕೊರ್ನೊ ಗ್ರಾಂಡೆ ಶಿಖರ, 2912 ಮೀಟರ್, ಅಪೆನ್ನೈನ್ ಪರ್ವತಗಳಲ್ಲೇ ಎತ್ತರದ್ದು. ನಿಮ್ಮವರಿಗೆ ಬಂಡೆ ಹತ್ತಿ ರೂಢಿ ಇಲ್ಲದಿದ್ದರೆ ಶಿಖರದ ಗೋಜಿಗೆ ಹೋಗುವುದು ಬೇಡ. ಮೇಲೆ 2388 ಮೀಟರಿನಲ್ಲಿ ಚಾರಣಿಗರ ತಂಗುಮನೆ ಇದೆ, ಅಲ್ಲಿಗೆ ಹತ್ತಿದರೂ ಎರಡೂ ಕಡೆಯ ನೋಟ ಸಿಗುತ್ತದೆ.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ:

ಊಟದ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಮನೆಯವರೂ ನಿಮ್ಮ ಹಾಗೇ.

ಆ ಊರಿನ ಹೆಸರಾದ ಬೆಳೆಯೇ ಮಸೂರ. ಕಾಳು ತೀರಾ ಸಣ್ಣದು, ಕಂದು ಬಣ್ಣ, ನೆನೆಸದೆಯೇ ಬೇಯುತ್ತದೆ. ಬೆಳ್ಳುಳ್ಳಿ, ಪಲಾವ್ ಎಲೆ ಹಾಕಿ ಕುದಿಸಿ, ಮೇಲೆ ಆಲಿವ್ ಎಣ್ಣೆ ಬಿಟ್ಟು, ಸುಟ್ಟ ಬ್ರೆಡ್ ಜೊತೆ ಕೊಡುತ್ತಾರೆ. ಚಳಿಯಲ್ಲಿ ಅದಕ್ಕಿಂತ ಒಳ್ಳೆ ಊಟ ಇಲ್ಲ. ಆದರೆ ಕೆಲವರು ಹಂದಿಮಾಂಸದ ಚೂರು ಹಾಕುತ್ತಾರೆ, ಕೇಳಿಯೇ ತರಿಸಿ. "ಸೆನ್ತ್ಸಾ ಕಾರ್ನೆ" ಅಂದರೆ ಮಾಂಸ ಬೇಡ, "ಸೆನ್ತ್ಸಾ ವೋವಾ" ಅಂದರೆ ಮೊಟ್ಟೆ ಬೇಡ. ಕಿತಾರ್ರಾ ಅನ್ನುವ ಅಲ್ಲಿನ ಪಾಸ್ತಾಕ್ಕೆ ಮೊಟ್ಟೆ ಹಾಕಿಯೇ ಹಿಟ್ಟು ಕಲಸುತ್ತಾರೆ. ಸಾಗ್ನೆ ಅನ್ನುವುದು ವಾಡಿಕೆಯಲ್ಲಿ ಬರೀ ಹಿಟ್ಟು-ನೀರಿನದು, ಕಡಲೆಕಾಳಿನ ಜೊತೆ ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿನ ಕುರಿಹಾಲಿನ ಚೀಸ್‌ಗೆ ಹೆಪ್ಪು ಹಾಕುವುದು ಕುರಿಮರಿಯ ಹೊಟ್ಟೆಯಿಂದ ತೆಗೆದದ್ದು. ಗುಡ್ಡದ ಆಚೆ ಫರಿಂದೊಲಾದ ಚೀಸ್‌ಗೆ ಹಂದಿಯದು. ಅತ್ತೆಯವರು ಮಡಿವಂತರಾದರೆ ಮೊದಲೇ ತಿಳಿಸಿಬಿಡಿ, ಅವರಿಗೆ ಒಂದಿಷ್ಟು ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಳ್ಳಿ.

ಕಾರು ಬೇಕೇ ಬೇಕು. ರೋಮಿನ ತಿಬುರ್ತಿನಾ ನಿಲ್ದಾಣದಿಂದ ಲಾಕ್ವಿಲಾಕ್ಕೆ ಬಸ್ ಧಾರಾಳ ಇವೆ, ಸುಮಾರು ಎರಡು ಗಂಟೆ. ಅಲ್ಲಿಂದ ಹಳ್ಳಿಗೆ ಬಸ್ ತೀರಾ ಕಡಿಮೆ. ಓಡಿಸುವವರು ಹೊರಡುವ ಮುಂಚೆ ನಮ್ಮ ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು, ಊರ ಲೈಸೆನ್ಸ್ ಕೂಡ ಜೊತೆಗಿರಬೇಕು.

ಸಪ್ತಾಪುರ ಚಿತ್ರಕಲೆ, ಧಾರವಾಡ:

ಬೆಟಗೇರಿಯವರೇ, ಬೊಮಿನಾಕೊ ಹಳ್ಳಿ ಬಿಟ್ಟಿದ್ದೀರಲ್ಲ! ಅಕ್ಕ ಚಿತ್ರ ಅಂದರೆ ಜೀವ ಅಂದಿದ್ದಾರೆ. ನನ್ನ ಪ್ರಕಾರ ಸಮಯ ಕಡಿಮೆಯಾದರೆ ಕೋಟೆ ಬಿಟ್ಟರೂ ನಡೆಯುತ್ತದೆ, ಇದನ್ನು ಬಿಡಬಾರದು. ಅಲ್ಲಿರುವುದು ಸಾನ್ ಪೆಲ್ಲೆಗ್ರಿನೊ ಅನ್ನುವ ಪುಟ್ಟ ಪ್ರಾರ್ಥನಾಮಂದಿರ. ಹೊರಗಿನಿಂದ ಏನೂ ಅನ್ನಿಸುವುದಿಲ್ಲ. ಒಳಗೆ ಗೋಡೆ, ಚಾವಣಿ ಎಲ್ಲ 1263ರ ಸುಮಾರಿಗೆ ಬರೆದ ಭಿತ್ತಿಚಿತ್ರ, ಒಂದು ಗೇಣು ಜಾಗ ಖಾಲಿ ಬಿಟ್ಟಿಲ್ಲ. ಒಂದು ಕಡೆ ತಿಂಗಳು ತಿಂಗಳಿನ ಹಬ್ಬಗಳ ಪಂಚಾಂಗವನ್ನೇ ಬರೆದಿದ್ದಾರೆ. ಬೀಗ ಹಾಕಿರುತ್ತದೆ. ಮೊದಲೇ ಫೋನ್ ಮಾಡಿಸಿ, ಮಗ ಇಟಾಲಿಯನ್ ಮಾತಾಡುತ್ತಾನಲ್ವಾ? ಅಲ್ಲಿಂದ ನವೆಲ್ಲಿ ಹತ್ತಿರ, ಕೇಸರಿ ಬೆಳೆಯುವ ಊರು. ಹೂವು ಬರುವುದು ಅಕ್ಟೋಬರ್ ಎರಡನೇ ಅರ್ಧದ ಮೇಲೆ, ನಿಮಗೆ ಸಿಗುವುದಿಲ್ಲ. ಕೇಸರಿ ಮಾತ್ರ ಕೊಳ್ಳಬಹುದು.

ವರದಾ ತೀರ, ಹಾವೇರಿ:

ನಮ್ಮದು ಕುರಿ ಸಾಕುವ ಮನೆತನ. ನಾನು ಕಾಂಪೊ ಇಂಪೆರಾತೊರೆ ಬಯಲಿಗೆ ಹೋಗಿದ್ದು ಬರೀ ಕುರಿಗಾರರ ದಾರಿ ನೋಡಲಿಕ್ಕೆ. ಬೇಸಿಗೆಗೆ ಗುಡ್ಡದ ಮೇಲೆ, ಚಳಿಗಾಲಕ್ಕೆ ದಕ್ಷಿಣದ ಪುಲಿಯಾ ಬಯಲಿಗೆ, ಹೀಗೆ ನೂರಾರು ವರ್ಷ ಕುರಿ ಹಿಂಡು ನಡೆದಿವೆ. ಲಾಕ್ವಿಲಾದಿಂದ ಪುಲಿಯಾದ ಫೊಜ್ಜಾಕ್ಕೆ ಹೋಗುವ ದೊಡ್ಡ ಕುರಿದಾರಿ 244 ಕಿಲೋಮೀಟರ್. ಅಗಲ ಎಷ್ಟು ಗೊತ್ತಾ? 111 ಮೀಟರ್! ಅಷ್ಟು ಜಾಗವನ್ನು ಕುರಿಗೆ ಅಂತ ಕಾನೂನು ಮಾಡಿ ಕಾದಿಟ್ಟಿದ್ದರು. 1447ರಲ್ಲಿ ಅರಗಾನ್ ಮನೆತನದ ರಾಜ ಅಲ್ಫೊನ್ಸೊ ಕುರಿ ಸುಂಕಕ್ಕೇ ಒಂದು ಕಚೇರಿ ತೆರೆದ. ನಮ್ಮ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದರೆ ಹೊಲದವರೇ ಕುರಿಗಾರರಿಗೆ ಕಾಳು, ಇಲ್ಲವೇ ದುಡ್ಡು ಕೊಡುತ್ತಾರೆ. ಅಲ್ಲಿ ಕುರಿಗಾರ ಸರಕಾರಕ್ಕೆ ಕಟ್ಟಬೇಕಿತ್ತು. ಕಾಂಪೊ ಇಂಪೆರಾತೊರೆಯಲ್ಲಿ ಬರೀ ಹುಲ್ಲೇ ಉಳಿದಿರುವುದಕ್ಕೂ ಈ ಮೇಯಿಸುವಿಕೆ ದೊಡ್ಡ ಕಾರಣ.

ಆ ದಾರಿ ಶುರುವಾಗುವುದು ಲಾಕ್ವಿಲಾದ ಕೊಲ್ಲೆಮಾಜ್ಜೊ ಬಸಿಲಿಕಾದ ಮುಂದೆ. ಅಕ್ಕಾರೆ, ಬರುವಾಗ ಅಲ್ಲಿ ಇಳಿಯಿರಿ. ಮುಂಗೋಡೆ ಪೂರ್ತಿ ಗುಲಾಬಿ-ಬಿಳಿ ಕಲ್ಲಿನ ಹೆಣಿಗೆ. 1294ರಲ್ಲಿ ಐದನೇ ಸೆಲೆಸ್ಟಿನ್ ಪೋಪ್ ಆಗಿ ಕಿರೀಟ ಧರಿಸಿದ್ದು ಅಲ್ಲೇ.

ಒಂದು ಎಚ್ಚರಿಕೆ. ಹಿಂಡಿನ ಜೊತೆ ದೊಡ್ಡ ಬಿಳಿ ನಾಯಿಗಳು ಇರುತ್ತವೆ. ಅಲ್ಲಿ ತೋಳ ಇವೆ, ಅದಕ್ಕೇ ಸಾಕಿರುವುದು. ಫೋಟೋಗೆ ಅಂತ ಹಿಂಡಿನೊಳಗೆ ಹೋಗಬೇಡಿ. ನಾಯಿ ಬಂದರೆ ಓಡಬೇಡಿ, ಸುಮ್ನೆ ನಿಂತು ನಿಧಾನಕ್ಕೆ ಸುತ್ತು ಹಾಕಿ ಹೋಗಿ.

ಮಾಳಮಡ್ಡಿ ಅಕ್ಕ, ಧಾರವಾಡ:

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ, ಅತ್ತೆಗೆ ಪೂರ್ತಿ ಓದಿ ಹೇಳಿದೆ. ಕುರಿದಾರಿ ಕಥೆ ಎರಡು ಸಲ ಕೇಳಿದರು. ಚೀಸ್ ಬೇಡವೇ ಬೇಡ ಅಂದರು. ಕೊನೆಯ ಪ್ರಶ್ನೆ, ಯಾವ ದಿನ ಯಾವುದು ಇಟ್ಟುಕೊಳ್ಳಲಿ? ಚಳಿ ಎಷ್ಟಿರುತ್ತದೆ?

ಬೆಟಗೇರಿ ಹುಡುಗ, ಗದಗ:

ಹೋಗುವ ದಿನ ಲಾಕ್ವಿಲಾದಲ್ಲಿ ಕೊಲ್ಲೆಮಾಜ್ಜೊ, ಸಂಜೆಗೆ ಹಳ್ಳಿ. ಮರುದಿನ ಆಕಾಶ ತಿಳಿಯಾಗಿದ್ದರೆ ಬೆಳಿಗ್ಗೆಯೇ ಕಾಂಪೊ ಇಂಪೆರಾತೊರೆ, ಮಧ್ಯಾಹ್ನದ ಮೇಲೆ ಅಲ್ಲಿ ಮೋಡ ಕವಿಯುವುದು ಜಾಸ್ತಿ. ಸಂಜೆ ಕೋಟೆ. ವಾಪಸ್ ಬರುವ ದಿನ ಬೊಮಿನಾಕೊ, ಸಪ್ತಾಪುರದವರು ಹೇಳಿದ್ದು ಸರಿ, ಅದು ಇರಲೇಬೇಕು. ಬೆಳಿಗ್ಗೆ ಮಂಜು ಕವಿದಿದ್ದರೆ ಬಯಲು ಮತ್ತು ಬೊಮಿನಾಕೊ ಅದಲು ಬದಲು ಮಾಡಿ. ರಾತ್ರಿ ಚೆನ್ನಾಗಿಯೇ ಚಳಿ ಇರುತ್ತದೆ, ಮೇಲೆ ಗಾಳಿ ಬೇರೆ. ಅತ್ತೆಯವರಿಗೆ ಸ್ವೆಟರ್, ಕುಲಾವಿ, ಕಾಲುಚೀಲ ಎಲ್ಲ ಇರಲಿ. ಹೊರಡುವ ಮುಂಚೆ ಕಾರಿಗೆ ಲಾಕ್ವಿಲಾದಲ್ಲೇ ಎಣ್ಣೆ ತುಂಬಿಸಿಕೊಳ್ಳಿ, ಬಯಲಿನ ರಸ್ತೆಯಲ್ಲಿ ಪಂಪ್ ಇಲ್ಲ.