ಆರು ತಿಂಗಳ ಹುಂಜ ಕಾಲಿಗೆ ಎಗರುತ್ತಿದೆ, ಏನು ಮಾಡೋದು?

ಪ್ರಶ್ನೆ: ಡಾಕ್ಟರೇ, ನಮ್ಮ ಹಿತ್ತಲಲ್ಲಿ ಐದು ಹೇಂಟೆ, ಒಂದು ಹುಂಜ ಇವೆ. ಎಲ್ಲಾ ಒಂದೇ ವಯಸ್ಸಿನವು, ಆರು ತಿಂಗಳು ತುಂಬುತ್ತಾ ಬಂತು. ಮರಿಯಾಗಿದ್ದಾಗ ಈ ಹುಂಜ ಮಗಳ ತೊಡೆ ಮೇಲೆ ಕೂತು ಕಾಳು ತಿನ್ನುತ್ತಿತ್ತು. ಈಗ ಸ್ವಲ್ಪ ದಿನದಿಂದ ನಾನು ಬಕೆಟ್ ಹಿಡಿದು ಒಳಗೆ ಹೋದರೆ ಹಿಂದಿನಿಂದ ಬಂದು ಕಾಲಿಗೆ ಎಗರುತ್ತೆ. ಏಳು ವರ್ಷದ ಮಗಳು ಹಿತ್ತಲಿಗೆ ಕಾಲಿಡೋಕೇ ಹೆದರುತ್ತಾಳೆ. ಎರಡು ಹೇಂಟೆಗಳ ಬೆನ್ನಿನ ಪುಕ್ಕವೂ ಹೋಗಿದೆ. ಒಬ್ಬರು ‘ಒಂದ್ಸಲ ಜೋರಾಗಿ ಒದ್ದುಬಿಡಿ’ ಅಂದರು, ಇನ್ನೊಬ್ಬರು ‘ಕಾಲು ಹಿಡಿದು ತಲೆಕೆಳಗೆ ಮಾಡಿ’ ಅಂದರು. ಯಾರಿಗಾದರೂ ಕೊಟ್ಟುಬಿಡೋಕೆ ಮನಸ್ಸು ಬರ್ತಿಲ್ಲ. ಸರಿಹೋಗುತ್ತಾ?

ಉತ್ತರ (ಪಶುವೈದ್ಯ): ಬಹಳಷ್ಟು ಸಲ ಸರಿಹೋಗುತ್ತೆ. ಆದರೆ ಆ ಎರಡೂ ಸಲಹೆಗಳನ್ನು ದಯವಿಟ್ಟು ಬಿಟ್ಟುಬಿಡಿ. ಒದ್ದರೆ ಹುಂಜಕ್ಕೆ ಅದು ಕಾಳಗಕ್ಕೆ ಕರೆದ ಹಾಗೆ. ಇವತ್ತು ಸೋತು ಹೋದರೂ ನಾಳೆ ಮತ್ತೆ ಬರುತ್ತೆ, ನೀವು ತಿರುಗಿರೋ ಹೊತ್ತು ನೋಡಿಕೊಂಡು. ಇನ್ನು ಕೋಳಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನೋ ಸ್ನಾಯುವಿನ ಪರದೆ ಇಲ್ಲ. ತಲೆಕೆಳಗೆ ಹಿಡಿದರೆ ಹೊಟ್ಟೆಯೊಳಗಿನ ಅಂಗಗಳ ಭಾರ ಗಾಳಿಚೀಲಗಳ ಮೇಲೆ ಬಿದ್ದು ಉಸಿರಾಟ ಕಷ್ಟವಾಗುತ್ತೆ. ಆಗ ಅದು ಸುಮ್ಮನಾಗೋದು ಪಾಠ ಕಲಿತು ಅಲ್ಲ, ಭಯದಿಂದ.

ನಾಲ್ಕರಿಂದ ಆರು ತಿಂಗಳ ನಡುವೆ ಹುಂಜದ ಮೈಯಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ಏರುತ್ತೆ. ಜುಟ್ಟು ಕೆಂಪಾಗುತ್ತೆ, ಕೂಗು ಬಲಿಯುತ್ತೆ, ಹಿಂಡಿನಲ್ಲಿ ತನ್ನ ಜಾಗ ಯಾವುದು ಅಂತ ಎಲ್ಲರ ಹತ್ತಿರವೂ ಪರೀಕ್ಷೆ ಮಾಡಿ ನೋಡುತ್ತೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನೋ ಮೇಲು ಕೀಳಿನ ಸಾಲು ಇರೋದನ್ನ ನಾರ್ವೆಯ ಶೆಲ್ಡೆರಪ್-ಎಬ್ಬೆ ಎಂಬ ವಿಜ್ಞಾನಿ 1920ರ ದಶಕದಲ್ಲೇ ವಿವರಿಸಿದ್ದರು. ಬಲಿತ ಹೇಂಟೆಗಳೋ ಹಿರಿಯ ಹುಂಜವೋ ಇರುವ ಹಿಂಡಿನಲ್ಲಿ ಮರಿಹುಂಜ ಅತಿಯಾಡಿದರೆ ಅವೇ ಕುಕ್ಕಿ ಹದ್ದುಬಸ್ತಿನಲ್ಲಿ ಇಡುತ್ತವೆ. ನಿಮ್ಮಲ್ಲಿ ಎಲ್ಲಾ ಒಂದೇ ವಯಸ್ಸು, ಹೇಳೋರು ಕೇಳೋರು ಯಾರೂ ಇಲ್ಲ. ಜೊತೆಗೆ ಹುಂಜ ಹೇಂಟೆಗಿಂತ ಮೊದಲೇ ಪ್ರಾಯಕ್ಕೆ ಬರುತ್ತೆ. ಇನ್ನೂ ಮೊಟ್ಟೆಗೆ ಬಾರದ ಹೇಂಟೆ ಕೂಡೋಕೆ ಬಗ್ಗಿ ಕೂರೋದಿಲ್ಲ, ಓಡುತ್ತೆ. ಇದು ಅಟ್ಟಿಸಿಕೊಂಡು ಹೋಗುತ್ತೆ. ಕೈಮೇಲೆ ಬೆಳೆದ ಹುಂಜಕ್ಕೆ ಮನುಷ್ಯರ ಭಯವೂ ಇರೋದಿಲ್ಲ, ಹಾಗಾಗಿ ನಿಮ್ಮನ್ನೂ ಆ ಸಾಲಿನಲ್ಲೇ ಸೇರಿಸಿಕೊಂಡಿದೆ. ಮಗಳು ಮುದ್ದು ಮಾಡಿದ್ದು ತಪ್ಪು ಅಂತ ಅವಳಿಗೆ ಅನ್ನಿಸೋದು ಬೇಡ, ಅದನ್ನ ಖಂಡಿತ ಹೇಳಿ.

ಮೊದಲು ಹುಂಜವನ್ನ ನೋಡೋದು ಕಲಿಯಿರಿ. ಒಂದು ರೆಕ್ಕೆ ನೆಲಕ್ಕೆ ತಾಗುವಷ್ಟು ಇಳಿಸಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಸುತ್ತಿದರೆ ಅದು ಹೇಂಟೆಯ ಮುಂದೆ ಮಾಡುವ ಕುಣಿತ. ನಿಮ್ಮ ಕಾಲಿನ ಸುತ್ತ ಮಾಡಿದರೆ ಅಲ್ಲಿಗೇ ತಡೆಯಬೇಕು, ಯಾಕಂದ್ರೆ ಮುಂದಿನ ಹಂತ ಎಗರೋದು. ಎಗರುವ ಮುಂಚೆ ಕತ್ತಿನ ಗರಿ ಕೊಡೆಯ ಹಾಗೆ ಬಿಚ್ಚುತ್ತೆ, ತಲೆ ತಗ್ಗಿಸಿ ಒಂದೇ ಕಣ್ಣಲ್ಲಿ ನಿಮ್ಮನ್ನೇ ನೋಡುತ್ತೆ. ಅದಕ್ಕೂ ಮೊದಲು ಹೆಚ್ಚಿನವರಿಗೆ ಕಾಣದೇ ಹೋಗುವ ಒಂದು ಸೂಚನೆ ಇದೆ. ಏನೂ ಇಲ್ಲದ ನೆಲವನ್ನ ಕುಕ್ಕುವ ಹಾಗೆ ಮಾಡುತ್ತಾ, ನಿಮ್ಮ ಕಡೆ ನೋಡದವರ ಹಾಗೆ ಓರೆಯಾಗಿ ಹತ್ತಿರ ಬರುತ್ತಾ ಇರುತ್ತೆ. ಆ ಹೊತ್ತಿಗೇ ನೀವು ಎಚ್ಚರವಾದರೆ ಅರ್ಧ ಕೆಲಸ ಮುಗಿಯಿತು.

ಆಗ ಓಡಬೇಡಿ, ಹಿಂದೆ ಸರಿಯಬೇಡಿ, ಬೆನ್ನು ತೋರಿಸಬೇಡಿ. ಅದರ ಕಡೆ ತಿರುಗಿ ನಿಧಾನವಾಗಿ ನೇರ ನಡೆಯಿರಿ, ಅದು ಪಕ್ಕಕ್ಕೆ ಸರಿಯೋ ತನಕ. ಸರಿದು ನಿಜವಾಗಿ ಕೆದಕೋಕೆ ಅಥವಾ ಗರಿ ತಿದ್ದಿಕೊಳ್ಳೋಕೆ ಶುರುಮಾಡಿತು ಅಂದ್ರೆ ಅಲ್ಲಿಗೆ ನಿಲ್ಲಿಸಿ. ಸೋತ ಮೇಲೂ ಅಟ್ಟಿಸಿಕೊಂಡು ಹೋದರೆ ಅದಕ್ಕೆ ತಿರುಗಿ ಬೀಳದೆ ಬೇರೆ ದಾರಿ ಇರೋದಿಲ್ಲ. ಉದ್ದ ಪ್ಯಾಂಟು, ಬೂಟು ಹಾಕಿ. ಕೈಯಲ್ಲಿ ಅಗಲವಾದ ಹಲಗೆಯೋ ದೊಡ್ಡ ಮುಚ್ಚಳವೋ ಇರಲಿ, ಹೊಡೆಯೋಕೆ ಅಲ್ಲ, ನಡುವೆ ಗೋಡೆಯ ಹಾಗೆ ಹಿಡಿಯೋಕೆ. ಬಕೆಟ್ ಹಿಡಿದ ಕೈಯೂ ಹುಂಜ ಇರುವ ಕಡೆಗೇ ಇರಲಿ. ಮೂಲೆಗೆ ಒತ್ತುವಂಥ ದಾರಿಯಲ್ಲಿ ಹೋಗಬೇಡಿ. ಹಗಲಲ್ಲಿ ಹೇಂಟೆ ಹಿಡಿದು ಅದು ಕಿರುಚಿಕೊಂಡರೆ ಒಳ್ಳೆ ಹುಂಜವೂ ಎಗರುತ್ತೆ, ಕಾಯೋದು ಅದರ ಕೆಲಸ. ಹಿಡಿಯಲೇಬೇಕಾದರೆ ರಾತ್ರಿ ಕೂತ ಜಾಗದಿಂದ ಎತ್ತಿಕೊಳ್ಳಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣಿಸೋದಿಲ್ಲ, ಗಲಾಟೆ ಕಡಿಮೆ.

ಮನೆಯಲ್ಲಿ ಒಳಗೆ ಹೋಗುವ ದೊಡ್ಡವರೆಲ್ಲರೂ ಹೀಗೇ ಮಾಡಬೇಕು. ಒಬ್ಬರು ಓಡಿದರೂ ಎಗರಿದರೆ ಕೆಲಸ ಆಗುತ್ತೆ ಅಂತ ಅದಕ್ಕೆ ಗೊತ್ತಾಗುತ್ತೆ.

ಮಗಳ ವಿಷಯ ಬೇರೆ. ಇದನ್ನೆಲ್ಲ ಅವಳ ಕೈಲಿ ಮಾಡಿಸಬೇಡಿ, ಸದ್ಯಕ್ಕೆ ಒಬ್ಬಳನ್ನೇ ಒಳಗೆ ಬಿಡಲೂ ಬೇಡಿ. ನಿಮ್ಮ ಮಂಡಿಗೆ ಎಗರುವ ಹುಂಜ ಬಗ್ಗಿದ ಮಗುವಿನ ಮುಖಕ್ಕೆ ಸಿಗುತ್ತೆ, ಕಣ್ಣಿಗೆ ಏಟಾದರೆ ಸರಿಪಡಿಸೋಕೆ ಆಗದೇ ಹೋಗಬಹುದು. ಯಾರಿಗೇ ಚುಚ್ಚಿದ ಗಾಯವಾದರೂ ಹರಿಯುವ ನೀರು, ಸೋಪಿನಿಂದ ಚೆನ್ನಾಗಿ ತೊಳೆದು, ಟೆಟನಸ್ ಚುಚ್ಚುಮದ್ದು ಬೇಕೇ ಅಂತ ವೈದ್ಯರನ್ನ ಕೇಳಿ.

ಪ್ರಶ್ನೆ ಕೇಳಿದವರು: ಧನ್ಯವಾದ ಡಾಕ್ಟರೇ. ಎಷ್ಟು ದಿನ ಕಾಯಬೇಕು? ಎತ್ತಿ ಕಂಕುಳಲ್ಲಿ ಹಿಡಿದುಕೊಳ್ಳಬಹುದಾ? ಪುಕ್ಕ ಹೋದ ಹೇಂಟೆಗಳಿಗೆ ಏನು ಮಾಡಲಿ?

ಉತ್ತರ: ಕೆಲವು ವಾರ ಬಿಡದೆ ಮಾಡಿ. ಒಂದು ವರ್ಷ ದಾಟಿದ ಮೇಲೆ ಎಷ್ಟೋ ಹುಂಜಗಳು ತಾವಾಗೇ ತಣ್ಣಗಾಗುತ್ತವೆ. ಎಲ್ಲಾ ಮಾಡಿದ ಮೇಲೂ ಮುಖದ ಎತ್ತರಕ್ಕೆ ಎಗರಿ ರಕ್ತ ಬರಿಸುತ್ತಿದ್ದರೆ ಮಗು ಇರುವ ಮನೆಯಲ್ಲಿ ಅದು ಬೇಡ ಅಂತಲೇ ನಾನು ಹೇಳೋದು. ಅಂಥ ಹುಂಜದ ಜೊತೆ ಕೂಡಿದ ಹೇಂಟೆಯ ಮೊಟ್ಟೆಯನ್ನ ಕಾವಿಗೂ ಇಡಬೇಡಿ, ಸ್ವಭಾವ ಸ್ವಲ್ಪ ಮಟ್ಟಿಗೆ ವಂಶದಲ್ಲೂ ಬರುತ್ತೆ.

ಎತ್ತಿ ಹಿಡಿಯಬಹುದು. ರೆಕ್ಕೆ ಎರಡೂ ಮೈಗೆ ಒತ್ತಿ, ಅದು ಸಡಿಲವಾಗೋ ತನಕ ಸುಮ್ಮನೆ ಹಿಡಿದಿದ್ದು ಇಳಿಸಿ. ತಲೆಯನ್ನ ನೆಲಕ್ಕೆ ಒತ್ತೋದು ಬೇಡವೇ ಬೇಡ.

ಹೇಂಟೆಗಳ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ಇದನ್ನ ಜನ ಮರೆತುಬಿಡ್ತಾರೆ. ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಇದ್ದರೆ ಹೊರೆ ಹಂಚಿಹೋಗುತ್ತೆ, ಐದು ಕಡಿಮೆಯೇ. ಇವತ್ತು ರಾತ್ರಿ ಒಂದೊಂದನ್ನೇ ಎತ್ತಿ ಬೆನ್ನು ನೋಡಿ. ಗರಿ ಮುರಿದು ಬುಡದ ಕಡ್ಡಿ ಉಳಿದಿದ್ದರೆ ಹುಂಜದ ಉಗುರಿನ ಕೆಲಸ. ಆಮೇಲೆ ರೆಕ್ಕೆ ಎತ್ತಿ ಪಕ್ಕೆ ನೋಡಿ. ಹುಂಜ ಹತ್ತುವಾಗ ಆಗುವ ಸೀಳು ಗಾಯ ಅಲ್ಲೇ ಇರೋದು, ಗರಿ ಮುಚ್ಚಿರೋದರಿಂದ ಹೊರಗೆ ಕಾಣೋದೇ ಇಲ್ಲ. ಗುದದ ಸುತ್ತ ಗರಿ ಬಿಡಿಸಿ ಹೇನು, ನುಸಿ ಇದೆಯಾ ನೋಡಿ. ಚರ್ಮ ಹರಿದಿದ್ದರೆ ಆ ಹೇಂಟೆಯನ್ನ ಬೇರೆ ಮಾಡಿ, ಬೇರೆ ಕೋಳಿಗಳು ರಕ್ತ ಕಂಡರೆ ಕುಕ್ಕುತ್ತವೆ. ಬರೀ ಪುಕ್ಕ ಹೋಗಿದ್ದರೆ ಬೆನ್ನಿಗೆ ಕಟ್ಟುವ ಬಟ್ಟೆಯ ಹೊದಿಕೆ ಸಾಕು.

ದಿನದಲ್ಲಿ ಕೆಲವು ಗಂಟೆ ಹುಂಜವನ್ನ ಜಾಲರಿಯ ಆಚೆ ಬಿಡಿ, ಒಂದಕ್ಕೊಂದು ಕಾಣುವ ಹಾಗೆ. ಮರಿ ಮಾಡಿಸುವ ಆಸೆ ಇದ್ದರೂ ಚಿಂತೆ ಇಲ್ಲ. ಒಮ್ಮೆ ಕೂಡಿದ ಮೇಲೆ ಹೇಂಟೆಯ ಮೈಯಲ್ಲಿ ವೀರ್ಯ ಸುಮಾರು ಎರಡು ವಾರ ಉಳಿಯುತ್ತೆ.

ಇನ್ನೊಬ್ಬರು: ಕಾಲಿನ ಮುಳ್ಳು ಕತ್ತರಿಸಿದರೆ ಎಲ್ಲಾ ಸರಿಹೋಗಲ್ವಾ ಸರ್?

ಉತ್ತರ: ಆರು ತಿಂಗಳ ಹುಂಜಕ್ಕೆ ಮುಳ್ಳು ಇನ್ನೂ ಸಣ್ಣ ಗಂಟಿನಷ್ಟೇ ಇರುತ್ತೆ, ಕತ್ತರಿಸೋಕೆ ಏನೂ ಇಲ್ಲ. ದೊಡ್ಡ ಹುಂಜಗಳಲ್ಲಿ ಮೇಲಿನ ಗಟ್ಟಿ ಚಿಪ್ಪಿನ ಒಳಗೆ ಜೀವಂತ ಎಲುಬು, ರಕ್ತನಾಳ ಇರುತ್ತೆ. ಚೂಪಾದ ತುದಿಯನ್ನ ಅರದಿಂದ ಉಜ್ಜಿ ಮೊಂಡು ಮಾಡಿ, ಅಷ್ಟು ಸಾಕು. ತಿರುಚಿ ಕೀಳೋ ಪದ್ಧತಿ ಕ್ರೂರ, ರಕ್ತವೂ ಬರಬಹುದು. ಅದೂ ಅಲ್ಲದೆ ಮೊಂಡು ಮಾಡಿದರೆ ಗಾಯ ಕಡಿಮೆಯಾಗುತ್ತೆ, ಎಗರೋದು ಕಡಿಮೆಯಾಗೋದಿಲ್ಲ.

ಮತ್ತೊಬ್ಬರು: ನಮ್ಮದು ಬೆಳಗಿನ ಜಾವ ಮೂರಕ್ಕೇ ಕೂಗುತ್ತೆ. ಕೂಗದ ಹಾಗೆ ಕುತ್ತಿಗೆಗೆ ಪಟ್ಟಿ ಕಟ್ಟಬಹುದಾ?

ಉತ್ತರ: ಬೇಡ. ಬಿಗಿಯಾದರೆ ಉಸಿರು ಕಟ್ಟುತ್ತೆ, ಮರಿಹುಂಜದ ಕುತ್ತಿಗೆ ಇನ್ನೂ ದಪ್ಪವಾಗ್ತಾ ಇರುತ್ತೆ ಬೇರೆ. ಕೂಗು ಬೆಳಕು ಕಂಡು ಮಾತ್ರ ಬರೋದಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಹಾಗೆ, ಸದಾ ಮಂದ ಬೆಳಕಿನಲ್ಲೇ ಇಟ್ಟರೂ ಮೈಯೊಳಗಿನ ಗಡಿಯಾರ ನೋಡಿಕೊಂಡು ಹುಂಜ ಕೂಗುತ್ತೆ. ಆದರೆ ಬೆಳಕು, ಬೇರೆ ಹುಂಜದ ಕೂಗು ಎರಡೂ ಅದನ್ನ ಎಬ್ಬಿಸುತ್ತವೆ. ರಾತ್ರಿ ಗೂಡಿಗೆ ದೀಪದ ಬೆಳಕು ಬೀಳದ ಹಾಗೆ ಮುಚ್ಚಿ, ಗಾಳಿಗೆ ಮಾತ್ರ ಮೇಲ್ಭಾಗದಲ್ಲಿ ಜಾಗ ಬಿಡಿ. ಕೂಗು ನಿಲ್ಲೋದಿಲ್ಲ, ತಡವಾಗಬಹುದು.

ಇನ್ನೊಬ್ಬರು: ನಮ್ಮ ಹುಂಜ ಯಾರಿಗೂ ಎಗರೋದಿಲ್ಲ. ಆದರೆ ಕಾಳು ಹಾಕಿದರೆ ಕೊಕ್ಕಲ್ಲಿ ಎತ್ತಿ ಎತ್ತಿ ಬಿಡುತ್ತೆ, ಟುಕ್ ಟುಕ್ ಅನ್ನುತ್ತೆ, ತಿನ್ನೋದೇ ಇಲ್ಲ. ಕಾಯಿಲೆನಾ?

ಉತ್ತರ: ಕಾಯಿಲೆ ಅಲ್ಲ. ಹೇಂಟೆಗಳನ್ನ ತಿನ್ನೋಕೆ ಕರೆಯುತ್ತಿದೆ, ಬಹಳ ಒಳ್ಳೆ ಹುಂಜ ಅದು. ಕೆಲವು ಹುಂಜಗಳು ಹೀಗೆ ಕೊಟ್ಟು ಕೊಟ್ಟು ತಾವೇ ಸೊರಗುತ್ತವೆ. ಆಗಾಗ ರಾತ್ರಿ ಎತ್ತಿಕೊಂಡು ಎದೆಯ ನಡುವಿನ ಮೂಳೆ ಮುಟ್ಟಿ ನೋಡಿ. ಎರಡೂ ಕಡೆ ಮಾಂಸ ತುಂಬಿರಬೇಕು, ಚೂಪಾಗಿ ಕೈಗೆ ಸಿಕ್ಕಿದರೆ ಬೇರೆ ತಟ್ಟೆಯಲ್ಲಿ ಮೇವು ಕೊಡಿ. ಮೊಟ್ಟೆ ಕೋಳಿಯ ಆಹಾರವನ್ನೇ ಹಾಕ್ತಿದ್ದರೆ ಅದರಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟು ಇರುತ್ತೆ, ಮೊಟ್ಟೆ ಇಡದ ಹುಂಜದ ಮೂತ್ರಪಿಂಡಕ್ಕೆ ಅದು ಹೆಚ್ಚು. ಎಲ್ಲಕ್ಕೂ ಬೆಳೆಯುವ ಕೋಳಿಯ ಆಹಾರ ಹಾಕಿ, ಕ್ಯಾಲ್ಸಿಯಂಗಾಗಿ ಪುಡಿ ಮಾಡಿದ ಕಪ್ಪೆಚಿಪ್ಪನ್ನ ಬೇರೆ ಬಟ್ಟಲಲ್ಲಿ ಇಡಿ. ಹೇಂಟೆಗಳು ತಮಗೆ ಬೇಕಾದಷ್ಟು ತಿನ್ನುತ್ತವೆ.